ಅಂಜನಮ್ಮನ ಐನೂರಾ ಒಂದು ರೂಪಾಯಿ

ಸಿದ್ದಾಪುರದ ಅಂಜನಮ್ಮನಿಗೆ ‘ಥೂ’ ಎನ್ನುವುದು ಉಸಿರಾಡಿದಷ್ಟೇ ಸಲೀಸು. ಹಾಲಿಗೆ ನೀರು ಬೆರೆಸುವವರನ್ನು ಕಂಡರೆ ಥೂ. ಕುಡಿದು ಬಂದು ಹೆಂಡತಿಯ ಜಡೆ ಹಿಡಿಯುವವರನ್ನು ಕಂಡರೆ ಥೂ. ತಿಂಗಳಿಡೀ ಹಾಲು ಹಾಕಿಸಿಕೊಂಡು, ಕೊನೆಗೆ ‘ನಡುವೆ ಎರಡು ದಿನ ನೀನು ಬಂದಿರಲೇ ಇಲ್ಲವಲ್ಲ’ ಎಂದು ಹಸಿ ಸುಳ್ಳು ಹೇಳುವ ಜಯನಗರದ ಹೊಸ ಮನೆಗಳ ಯಜಮಾನಿಯರಿಗೂ ಥೂ. ಅದನ್ನು ಮಾತ್ರ ಗೇಟು ದಾಟಿ, ಬೇಲಿಯ ಮೂಲೆಗೆ ಹೋಗಿ ಅನ್ನುತ್ತಿದ್ದಳು. ಐವತ್ತು ದಾಟಿದ, ಗಂಡ ಸತ್ತ, ಮಕ್ಕಳಿಲ್ಲದ ಹೆಂಗಸು. ಮೂರು ಹಸು, ಒಂದು ಹಿತ್ತಾಳೆ ಬಿಂದಿಗೆ, ಒಂದು ಅಳತೆಯ ಪಾವು, ಇಷ್ಟೇ ಅವಳ ಸಂಸಾರ.

ಅವಳ ಅಸಹ್ಯಕ್ಕೆ ಕಾರಣ ಇಲ್ಲದೆ ಇರಲಿಲ್ಲ. ಅಪ್ಪ ಬದನೆ, ಸೊಪ್ಪು ಬೆಳೆಯುತ್ತಿದ್ದ ಎರಡು ಎಕರೆ ತೋಟವನ್ನು ಬಡಾವಣೆಗೆಂದು ತೆಗೆದುಕೊಂಡು, ಗೂಟ ಹೊಡೆದು, ನಂಬರು ಬರೆದು, ಸೈಟು ಮಾಡಿದರು. ಪರಿಹಾರದ ಹಣ ಕೈಗೆ ಬಂದ ದಿನವೇ ಅಣ್ಣ ತಿಮ್ಮರಾಯಪ್ಪನಿಗೆ ತನಗೆ ಇಬ್ಬರು ತಂಗಿಯರಿದ್ದಾರೆಂಬುದು ಮರೆತುಹೋಯಿತು. ಅವನು ಉತ್ತರಹಳ್ಳಿಯಲ್ಲಿ ಹಿಟ್ಟಿನ ಗಿರಣಿ ಹಾಕಿ, ಕೈಗೆ ಗಡಿಯಾರ ಕಟ್ಟಿಕೊಂಡು ಓಡಾಡಿದ. ಅಂಜನಮ್ಮ ಅಪ್ಪನ ಬದನೆ ಪಾತಿ ಇದ್ದ ಜಾಗದಲ್ಲಿ ಎದ್ದ ಮನೆಗಳ ಬಾಗಿಲಿಗೆ ಹೋಗಿ ‘ಹಾಲೂ’ ಎಂದು ಕೂಗತೊಡಗಿದಳು.

ಇನ್ನೊಬ್ಬ ತಂಗಿ ಮರಿಯಮ್ಮ. ಅಂಜನಮ್ಮನಿಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಅವಳನ್ನು ಹೆತ್ತ ಹತ್ತನೇ ದಿನಕ್ಕೆ ತಾಯಿ ಹೋದದ್ದರಿಂದ ಅಕ್ಕನ ಸೊಂಟದ ಮೇಲೆಯೇ ಬೆಳೆದವಳು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಒಬ್ಬ ಇಂಗ್ಲಿಷ್ ದೊರೆಯ ಮನೆಗೆ ಮಕ್ಕಳನ್ನು ನೋಡಿಕೊಳ್ಳುವ ಆಯಾ ಆಗಿ ಸೇರಿದ್ದಳು. ಸ್ವಾತಂತ್ರ್ಯ ಬಂದ ವರ್ಷ ದೊರೆ ಗಂಟುಮೂಟೆ ಕಟ್ಟಿದಾಗ ಮಕ್ಕಳು ಆಯಾಳ ಸೆರಗು ಬಿಡಲಿಲ್ಲವಂತೆ. ಮೂರೇ ವರ್ಷ, ಆಮೇಲೆ ನಾವೇ ಹಡಗು ಹತ್ತಿಸಿ ಕಳಿಸುತ್ತೇವೆ ಎಂದು ದೊರೆಸಾನಿ ಮಾತು ಕೊಟ್ಟಳು. ಮರಿಯಮ್ಮ ಬೊಂಬಾಯಿಯಲ್ಲಿ ಹಡಗು ಹತ್ತಿದಳು.

ಮೂರು ವರ್ಷ ಹತ್ತಾಯಿತು. ಮಕ್ಕಳು ದೊಡ್ಡವರಾದರು, ಆಯಾ ಬೇಡವಾದಳು. ಒಳ್ಳೆಯ ನಡತೆಯ ಸರ್ಟಿಫಿಕೇಟೊಂದನ್ನೂ ದೊರೆಸಾನಿ ಹಾಕಿ ಬಿಟ್ಟ ಕೋಟೊಂದನ್ನೂ ಕೊಟ್ಟು ಅವಳನ್ನು ಮನೆಯಿಂದ ಕಳಿಸಿದರು. ಬಂದರಿನ ಊರೊಂದರಲ್ಲಿ ಬಾಡಿಗೆಯ ಕೋಣೆ ಹಿಡಿದು, ಹೋಟೆಲಿನಲ್ಲಿ ತಟ್ಟೆ ತೊಳೆಯುವ ಕೆಲಸಕ್ಕೆ ಸೇರಿದಳು. ಹತ್ತು ವರ್ಷ ತಮ್ಮ ಮಕ್ಕಳ ಹೊಲಸು ತೊಳೆದವಳಿಗೆ ಒಂದು ಹಡಗಿನ ಟಿಕೆಟ್ಟು ತೆಗೆಸಿಕೊಡಲಾಗದ ದೊರೆತನಕ್ಕೆ ಏನೆನ್ನಬೇಕು? ಅಂಜನಮ್ಮ ಏನೆಂದಳೋ ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಇದೆಲ್ಲ ಅವಳಿಗೆ ತಿಳಿದದ್ದು ಬದರಿನಾಥರಿಂದ. ಸರ್ಕಾರದ ಅಠಾರಾ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದು, ನಿವೃತ್ತಿಯಾಗಿ, ಜಯನಗರದ ಎರಡನೇ ಬ್ಲಾಕಿನಲ್ಲಿ ಮನೆ ಕಟ್ಟಿಸಿದವರು. ಮರಿಯಮ್ಮನ ಪರವಾಗಿ ಅಲ್ಲಿನ ನೆರೆಮನೆಯ ಮುದುಕಿಯೊಬ್ಬಳು ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಕಾಗದಗಳನ್ನು ಅವರು ಜಗಲಿಯ ಮೇಲೆ ಕೂತು ಓದಿ ಹೇಳುತ್ತಿದ್ದರು. ಸಾವಿರದ ಒಂಬೈನೂರ ಐವತ್ತೊಂಬತ್ತರ ಜೂನ್ ತಿಂಗಳಲ್ಲಿ ಬಂದ ಕಾಗದವನ್ನು ಓದುವಾಗ ಅವರ ದನಿ ತಗ್ಗಿತು.

“ಎದೆ ಕೆಟ್ಟಿದೆಯಂತೆ ಅಂಜನಮ್ಮ. ಇನ್ನೊಂದು ಚಳಿಗಾಲ ಇಲ್ಲಿ ಕಳೆಯಬೇಡ, ನಿಮ್ಮ ಬಿಸಿಲಿನ ಊರಿಗೆ ಹೊರಟುಹೋಗು ಅಂತ ಡಾಕ್ಟ್ರು ಹೇಳಿದಾರಂತೆ. ಹಡಗಿನ ಚಾರ್ಜಿಗೆ ಕೂಡಿಟ್ಟಿದಾಳೆ. ಇನ್ನೂ ಮೂವತ್ತೇಳು ಪೌಂಡ್ ಕಮ್ಮಿ ಬೀಳುತ್ತೆ ಅಂತಾಳೆ.”

“ನಮ್ ದುಡ್ನಾಗೆ ಎಷ್ಟಾಯ್ತದೆ ಸಾಮಿ?”

“ಐನೂರು ರೂಪಾಯಿ, ಹೆಚ್ಚು ಕಡಿಮೆ.”

“ಚಳಿ ಯಾವಾಗ ಸುರುವಾಯ್ತದೆ ಅಲ್ಲಿ?”

“ಅಕ್ಟೋಬರು, ನವೆಂಬರು. ದೀಪಾವಳಿ ಹೊತ್ತಿಗೆ ಅನ್ಕೋ.”

ಅಂಜನಮ್ಮ ಮಾರನೇ ದಿನವೇ ಕೆಂದಿ ಎಂಬ ಹಸುವನ್ನು ವಸಂತಪುರದವನೊಬ್ಬನಿಗೆ ಮಾರಿದಳು. ಮೂರರಲ್ಲಿ ಹೆಚ್ಚು ಹಾಲು ಕೊಡುತ್ತಿದ್ದದ್ದು ಅದೇ. ಅಣ್ಣನ ಗಿರಣಿಗೂ ಹೋಗಿ ಕೇಳಿದಳು. ತಿಮ್ಮರಾಯಪ್ಪ ಗಡಿಯಾರ ನೋಡಿಕೊಂಡು, “ಅಷ್ಟು ದೂರ ದುಡ್ಡು ಕಳ್ಸಿದ್ರೆ ಮುಟ್ತದೆ ಅಂತ ಏನ್ ಗ್ಯಾರಂಟಿ?” ಎಂದ. ಅವಳು ಥೂ ಎಂದು ಎದ್ದು ಬಂದಳು. ಅಡಕೆ ಡಬ್ಬಿಯಲ್ಲಿ ಕೂಡಿಟ್ಟದ್ದನ್ನೆಲ್ಲ ಸುರಿದಾಗ ಐನೂರರ ಮೇಲೆ ಸ್ವಲ್ಪ ಆಯಿತು.

ಹಣ ಹೊಂದಿಸಿದರೆ ಮುಗಿಯಿತೆಂದು ಅವಳು ತಿಳಿದಿದ್ದಳು. ಹಣವನ್ನು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ದಾಟಿಸುವುದು ಹಸುವನ್ನು ಹೊಳೆ ದಾಟಿಸಿದಂತಲ್ಲ ಎಂದು ಅಂಚೆಯ ಕಿಟಕಿಯಲ್ಲಿ ತಿಳಿಯಿತು. “ಬಿಲಾತಿಗೆ ಮನಿಯಾರ್ಡರ್ ಹಾಕೋಕೆ ಸರ್ಕಾರದ ಪರ್ಮಿಟ್ ಬೇಕಮ್ಮ, ಉತ್ತರಹಳ್ಳಿಗೆ ಕಳ್ಸಿದ ಹಾಗಲ್ಲ” ಎಂದು ಕಿಟಕಿಯವನು ಹಿಂದಿದ್ದವನ ಮುಖ ನೋಡಿ ನಕ್ಕ. ಹಿಂದಿದ್ದವನೂ ನಕ್ಕ. ಎಮ್ಮೆ ಸಗಣಿ ಹಾಕಿದರೂ ನಗುವ ಜಾತಿ ಎಂದುಕೊಂಡು ಅಂಜನಮ್ಮ ಹೊರಬಿದ್ದಳು.

ಬದರಿನಾಥರ ಬೀದಿಯ ಕೊನೆಯಲ್ಲಿ ಕಂಟ್ರಾಕ್ಟರ್ ಜಯದೇವಪ್ಪನವರ ಮನೆ. ಅವರ ಅಳಿಯ ಡಾಕ್ಟರಿಕೆಯ ಹೆಚ್ಚಿನ ಓದಿಗೆಂದು ಇಂಗ್ಲೆಂಡಿಗೆ ಹೊರಟಿದ್ದ. ಅಂಜನಮ್ಮನ ಹಣದ ಸುದ್ದಿ ಕೇಳಿ ಜಯದೇವಪ್ಪನವರ ಹೆಂಡತಿ ಕಾತ್ಯಾಯಿನಿ ತಾನಾಗಿಯೇ ಹಾಲಿನವಳನ್ನು ಗೇಟಿನೊಳಕ್ಕೆ ಕರೆದರು. “ನಮ್ಮ ಅಳಿಯಂದ್ರು ತಗೊಂಡು ಹೋಗಿ ನಿನ್ ತಂಗಿ ಕೈಯಲ್ಲೇ ಕೊಡ್ತಾರೆ. ನೀನ್ಯಾಕೆ ಯೋಚ್ನೆ ಮಾಡ್ತೀಯ?” ಎಂದರು. ಅಂಜನಮ್ಮನ ಕಣ್ಣಲ್ಲಿ ನೀರು ಬಂತು. ಅಂದಿನಿಂದ ಆ ಮನೆಗೆ ದಿನಕ್ಕೊಂದು ಸೇರು ಹಾಲು ಪುಕ್ಕಟೆ. ಅಳಿಯನಿಗೆ ಕಟ್ಟಿಕೊಡುವ ಕೋಡುಬಳೆಗೆ ಬೆಣ್ಣೆ, ಚಟ್ನಿಪುಡಿಗೆ ತುಪ್ಪ, ಬೀಳ್ಕೊಡುವ ದಿನದ ಪಾಯಸಕ್ಕೆ ಎರಡು ಸೇರು ಹೆಚ್ಚು. ಹೀಗೆ ಒಂದು ತಿಂಗಳ ಮೇಲೆ ನಡೆಯಿತು.

ಹೊರಡುವ ಹಿಂದಿನ ಸಂಜೆ ಅಂಜನಮ್ಮ ಹಣದ ಗಂಟು ಹಿಡಿದು ಹೋದಳು. ಕಾತ್ಯಾಯಿನಿ ಒಳಗಿನಿಂದ ಬರಲೇ ಇಲ್ಲ, ಬಾಗಿಲ ಸಂದಿಯಲ್ಲೇ ಮಾತಾಡಿದರು.

“ನೋಟು ಹೊರಗಡೆ ತಗೊಂಡು ಹೋಗೋ ಹಾಗೇ ಇಲ್ವಂತೆ. ಅಳಿಯಂದ್ರಿಗೇ ಕೊಡೋದು ಬೆರಳೆಣಿಕೆ ಪೌಂಡು. ನಿನ್ನ ರೂಪಾಯಿನ ಅಲ್ಲಿ ಯಾರು ಮೂಸಿ ನೋಡ್ತಾರೆ?”

“ಇದು ಮೊದ್ಲೇ ಗೊತ್ತಿತ್ತಾ ಅಮ್ಮಣ್ಣಿ?”

“ಗೊತ್ತಿಲ್ದೆ ಏನು, ಪಾಸ್‌ಪೋರ್ಟ್ ಮಾಡ್ಸುವಾಗ್ಲೇ ಹೇಳಿದ್ರು” ಎಂದುಬಿಟ್ಟು, ಹೇಳಬಾರದ್ದನ್ನು ಹೇಳಿದೆನಲ್ಲ ಎಂಬಂತೆ ಬಾಗಿಲು ಮುಂದೆ ಮಾಡಿಕೊಂಡರು. ಒಳಗೆ ಅಂಜನಮ್ಮನ ತುಪ್ಪದ ವಾಸನೆ ಘಮ್ಮೆನ್ನುತ್ತಿತ್ತು. ಆ ದಿನ ಅವಳು ಬೇಲಿಯ ಮೂಲೆಯವರೆಗೆ ಹೋಗಲಿಲ್ಲ, ಗೇಟಿನಲ್ಲೇ ನಿಂತು ಥೂ ಎಂದಳು.

ಮೂರನೆಯ ದಾರಿ ಹೇಳಿದವನು ಕರಿಬಸವಯ್ಯ. ಚಿಕ್ಕಪೇಟೆಯ ಸಂದಿಯಲ್ಲಿ ಅವನದು ಹಿಂಡಿ ಬೂಸಾದ ಮಂಡಿ. ಹಸುಗಳಿಗೆ ಹತ್ತಿಕಾಳಿನ ಹಿಂಡಿಯನ್ನು ಅಂಜನಮ್ಮ ಅಲ್ಲೇ ಕೊಳ್ಳುತ್ತಿದ್ದಳು. ಕೊರಳಿಗೆ ಅತ್ತರು ಬಳಿದುಕೊಂಡ, ಸದಾ ಎಲೆಯಡಿಕೆ ಜಗಿಯುವ ಆಸಾಮಿ.

“ಪರ್ಮಿಟ್ಟು ಗಿರ್ಮಿಟ್ಟು ಏನೂ ಬೇಡ. ಇಲ್ಲಿ ನನ್ ಕೈಗೆ ಆರ್ನೂರು ಕೊಡು. ಲಂಡನ್ನಾಗೆ ನಮ್ಮೋರ ಅಂಗಡಿ ಐತೆ, ಅವರು ನಿನ್ ತಂಗಿಗೆ ಐನೂರರ ಪೌಂಡು ಎಣಿಸ್ತಾರೆ. ಹತ್ತೇ ದಿನ.”

“ಔಳೇ ನಮ್ ತಂಗಿ ಅಂತ ಅವರಿಗೆಂಗೆ ಗೊತ್ತಾಯ್ತದೆ?”

ಕರಿಬಸವಯ್ಯ ಗಲ್ಲಾಪೆಟ್ಟಿಗೆಯಿಂದ ಎರಡು ರೂಪಾಯಿಯ ನೋಟೊಂದನ್ನು ತೆಗೆದು, ಅವಳ ಕಣ್ಣೆದುರಿಗೇ ಚರ್ರನೆ ಎರಡು ಹೋಳು ಮಾಡಿದ. “ಈ ಹೋಳು ನೀನು ಕಾಗದದಾಗೆ ಇಟ್ಟು ಕಳಿಸು, ಈ ಹೋಳು ನಾವು ಕಳಿಸ್ತೀವಿ. ಎರಡೂ ಕೂಡಿದ್ರೆ ದುಡ್ಡು” ಎಂದು ಎಲೆಯಡಿಕೆಯ ಹಲ್ಲು ತೋರಿಸಿದ.

ಅಂಜನಮ್ಮ ಕುಳಿತಲ್ಲಿಂದ ಹಿಂದಕ್ಕೆ ಸರಿದಳು. ಬೆಳಿಗ್ಗೆ ಮೊದಲ ಬೋಣಿಯ ಕಾಸನ್ನು ಕಣ್ಣಿಗೊತ್ತಿಕೊಳ್ಳುವವಳು ಅವಳು. ಕಾಲು ತಗುಲಿದರೂ ಮುಟ್ಟಿ ನಮಸ್ಕರಿಸುವ ಲಕ್ಷ್ಮಿಯನ್ನು ಈತ ಬಾಳೆಲೆ ಹರಿದಂತೆ ಹರಿದನಲ್ಲ! ಇವನ ಕೈ ತಗುಲಿದ ಹಣದಲ್ಲಿ ತಂಗಿ ಮನೆ ಸೇರುವುದುಂಟೆ? ಹಿಂಡಿಯನ್ನೂ ಕೊಳ್ಳದೆ ಎದ್ದುಬಿಟ್ಟಳು. ಆ ಕಳ್ಳದಾರಿಯಲ್ಲಿ ಹಣ ನಿಜವಾಗಿ ಹತ್ತೇ ದಿನಕ್ಕೆ ಮುಟ್ಟುತ್ತಿತ್ತು ಎಂಬುದು ಚಿಕ್ಕಪೇಟೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಉಳಿದದ್ದು ಬ್ಯಾಂಕು. ಬಸವನಗುಡಿಯಲ್ಲಿದ್ದ ಒಂದು ಬ್ಯಾಂಕಿಗೆ ಬದರಿನಾಥರೇ ಅವಳನ್ನು ಕರೆದುಕೊಂಡು ಹೋದರು. ಏಜೆಂಟರು, ಅಂದರೆ ಬ್ಯಾಂಕಿನ ಮ್ಯಾನೇಜರು, ರಜೆಯ ಮೇಲಿದ್ದರು. ಕೌಂಟರಿನಲ್ಲಿದ್ದ ರಾಮಪ್ರಸಾದನೆಂಬ ಗುಮಾಸ್ತ ಪತ್ರಿಕೆಯ ಆಟದ ಪುಟದಿಂದ ತಲೆಯೆತ್ತದೆ ಒಂದು ಫಾರಮ್ಮನ್ನು ತಳ್ಳಿ, “ತುಂಬ್ಕೊಂಡು ದುಡ್ಡಿನ ಸಮೇತ ಬನ್ನಿ” ಎಂದ. ಇಷ್ಟು ಸುಲಭವೆ ಎಂದು ಇಬ್ಬರಿಗೂ ಸಂತೋಷವಾಯಿತು.

ಬದರಿನಾಥರು ಜಗಲಿಯ ಮೇಲೆ ಕೂತು, ಅಠಾರಾ ಕಚೇರಿಯ ಮುತ್ತಿನಂಥ ಅಕ್ಷರದಲ್ಲಿ ಫಾರಂ ತುಂಬಿದರು. ಮೊಬಲಗಿನ ಜಾಗಕ್ಕೆ ಬಂದಾಗ, “ಐನೂರು ಅಂತ ಬರೀತೀನಿ” ಎಂದರು.

ಅಂಜನಮ್ಮ ಗಾಬರಿಯಾದಳು. “ಬರೀ ಐನೂರಾ? ಬ್ಯಾಡ ಸಾಮಿ. ಬರೀ ಐನೂರು ಕೊಡೋದು ಸತ್ತ ಮನೇಗೆ. ಬರೋಳಿಗೆ ಯಾರಾದ್ರೂ ಹಂಗೆ ಕಳಿಸ್ತಾರಾ? ಒಂದು ಸೇರಿಸಿ.”

ಬದರಿನಾಥರು ನಾಲಿಗೆ ಕಚ್ಚಿಕೊಂಡರು. ಮಗಳ ಮದುವೆಯಲ್ಲಿ, ಮೊಮ್ಮಗನ ಮುಂಜಿಯಲ್ಲಿ, ಹನ್ನೊಂದು, ಐವತ್ತೊಂದು, ನೂರಾ ಒಂದು ಎಂದು ಲಕೋಟೆಗೆ ಒಂಟಿ ರೂಪಾಯಿ ಸೇರಿಸಿಯೇ ಬಂದವರು ಅವರು. ಸೊನ್ನೆಯಲ್ಲಿ ನಿಂತ ಹಣ ಅಲ್ಲಿಗೇ ನಿಂತಿತು. ಒಂದು ಸೇರಿಸಿದರೆ ಮುಂದೆ ಬೆಳೆಯುತ್ತದೆ. “ಸರಿಯಾಗಿ ಹೇಳ್ದೆ ನೋಡು” ಎಂದು ಐನೂರಾ ಒಂದು ಎಂದು ಅಂಕೆಯಲ್ಲೂ ಅಕ್ಷರದಲ್ಲೂ ಬರೆದರು. ಅಂಜನಮ್ಮ ಹೆಬ್ಬೆಟ್ಟು ಒತ್ತಿದಳು. ಹಳೆಯ ನೋಟುಗಳ ಮೇಲೆ ಹೊಳೆಯುವ ನಿಕ್ಕಲ್ ರೂಪಾಯಿಯೊಂದನ್ನು ಇಟ್ಟು, ಅರಿಶಿನ ಮುಟ್ಟಿಸಿದಳು.

ರಾಮಪ್ರಸಾದ ಹಣ ಎಣಿಸಿಕೊಂಡು, ಮೊಬಲಗು ನೋಡಿ, ತುಟಿಯ ಕೊನೆಯಲ್ಲಿ ನಕ್ಕು, ಫಾರಮ್ಮನ್ನು ಬಲಗಡೆಯ ತಟ್ಟೆಗೆ ಹಾಕುವ ಬದಲು ಎಡಗಡೆಯ ತಟ್ಟೆಗೆ ಹಾಕಿದ. ತನ್ನ ಮೈಯ ಕೊಟ್ಟಿಗೆ ವಾಸನೆಗೆ ನಕ್ಕನೇನೋ ಎಂದು ಅಂಜನಮ್ಮ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. ಆಗ ಆಗಸ್ಟ್ ಮೊದಲ ವಾರ.

ಆಮೇಲೆ ಪ್ರತಿ ಸೋಮವಾರ, ಬೆಳಗಿನ ಹಾಲು ಹಾಕಿ ಮುಗಿಸಿ, ಅವಳು ಲಾಲ್‌ಬಾಗಿನ ಪಕ್ಕದಿಂದ ನಡೆದುಕೊಂಡೇ ಬ್ಯಾಂಕಿಗೆ ಹೋಗುತ್ತಿದ್ದಳು. ಕಾವಲಿನವನು ಅವಳನ್ನು ಮೆಟ್ಟಿಲ ಮೇಲೇ ನಿಲ್ಲಿಸುತ್ತಿದ್ದ. ಒಳಗಿನಿಂದ ರಾಮಪ್ರಸಾದ ತಲೆಯಾಡಿಸುತ್ತಿದ್ದ. ಅಷ್ಟಕ್ಕೆ ತಿರುಗಿ ನಡೆಯಬೇಕು. ಸೆಪ್ಟೆಂಬರ್ ಹೋಯಿತು, ದಸರೆ ಬಂತು, ದೀಪಾವಳಿ ಬಂತು. ಅಲ್ಲಿಂದ ಕಾಗದ ಬಂತು: ಚಳಿ ಶುರುವಾಗಿದೆ, ಮರಿಯಮ್ಮ ಕೆಲಸ ಬಿಟ್ಟು ಮಲಗಿದ್ದಾಳೆ, ಅಕ್ಕ ಏನು ಮಾಡುತ್ತಿದ್ದಾಳೆ ಎಂದು ಕೇಳುತ್ತಾಳೆ. ಅಕ್ಕ ಮೆಟ್ಟಿಲ ಮೇಲೆ ನಿಂತಿದ್ದಾಳೆ ಎಂದು ಬರೆಸುವುದೆ? ಎರಡು ಹಸುವಿನ ಹಾಲಿನಲ್ಲಿ ಮನೆಗಳು ಕಡಿಮೆಯಾಗಿ ಅವಳೂ ಒಂದೇ ಹೊತ್ತು ಉಣ್ಣುತ್ತಿದ್ದಳು.

ನವೆಂಬರಿನ ಒಂದು ಸೋಮವಾರ ಮೆಟ್ಟಿಲ ಬಳಿ ಅವಳನ್ನು ಕಂಡವರು ಏಜೆಂಟರಾದ ಚನ್ನಬಸವಯ್ಯ. ಯಾರಮ್ಮ ನೀನು ಎಂದು ಕೇಳಿ, ಒಳಗೆ ಕರೆದು, ಕುರ್ಚಿ ತೋರಿಸಿ, ಫೈಲು ತರಿಸಿದರು. ನೋಡಿದವರೇ ಹಣೆ ಒತ್ತಿಕೊಂಡರು.

“ಐನೂರಾ ಒಂದು ಅಂತ ಯಾಕೆ ಬರ್ದ್ರಮ್ಮ? ಇಂಥ ಸಂಬಂಧಿಕರ ಖರ್ಚಿಗೆ ಐನೂರರವರೆಗೆ ನಾವೇ ಇಲ್ಲೇ ಕಳಿಸ್ತೀವಿ, ಅವತ್ತೇ ಹೋಗ್ತಿತ್ತು. ಅದಕ್ಕೆ ಒಂದು ರೂಪಾಯಿ ಮೇಲಾದ್ರೂ ಮದರಾಸಿನ ದೊಡ್ಡ ಆಫೀಸಿಂದ ಅಪ್ಪಣೆ ಬರ್ಬೇಕು. ಅದಕ್ಕೇ ಅಲ್ಲಿ ಕೂತಿದೆ.”

ಅಂಜನಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅವರು ಇನ್ನೊಮ್ಮೆ ಹೇಳಿದರು. ಅರ್ಥವಾದಾಗ ಅವಳು ಕೌಂಟರಿನ ಕಡೆಗೆ ತಿರುಗಿದಳು.

“ಅವತ್ತೇ ನಿಂಗೆ ಗೊತ್ತಿತ್ತಾ ಅಪ್ಪಾ?”

“ಗೊತ್ತಿತ್ತು” ಎಂದ ರಾಮಪ್ರಸಾದ, ಏಜೆಂಟರ ಕಡೆ ಒಂದು ಕಣ್ಣಿಟ್ಟು.

“ಒಂದ್ ಮಾತ್ ಹೇಳಿದ್ರೆ ಆ ಒಂದ್ ರೂಪಾಯ್ ಈಚೆ ಇಟ್ಬುಡ್ತಿದ್ನಲ್ಲಪ್ಪಾ.”

“ನೀವು ಕೇಳ್ಲಿಲ್ವಲ್ಲ. ಫಾರಂ ಸರಿಯಾಗಿ ತುಂಬಿತ್ತು, ತಗೊಂಡೆ. ಬುದ್ಧಿ ಹೇಳೋದು ನನ್ನ ಕೆಲ್ಸ ಅಲ್ಲ.”

ಮೂರು ತಿಂಗಳು. ಹದಿನಾಲ್ಕು ಸೋಮವಾರ ಈ ಹುಡುಗ ಅವಳ ಮುಖ ನೋಡಿ ತಲೆಯಾಡಿಸಿದ್ದ. ದ್ವೇಷವಿದ್ದರೆ ಅದಕ್ಕೊಂದು ಅರ್ಥವಾದರೂ ಇರುತ್ತಿತ್ತು. ಅವಳ ಮೇಲೆ ಅವನಿಗೆ ದ್ವೇಷವೂ ಇರಲಿಲ್ಲ. ಹೇಳುವ ಗೋಜು ಬೇಡವೆನಿಸಿತ್ತು, ಅಷ್ಟೆ. ಇಂಥವರ ಕೈಗೆ ಲೆಕ್ಕಣಿಕೆ ಕೊಟ್ಟು ಕೂರಿಸಿದ ಲೋಕಕ್ಕೆ ಎಷ್ಟು ಉಗಿದರೂ ಸಾಲದು. ಆದರೆ ಅಂಜನಮ್ಮನ ಬಾಯಿ ಒಣಗಿಹೋಗಿತ್ತು.

ಆ ಫಾರಂ ರದ್ದು ಮಾಡಿ ಐನೂರಕ್ಕೆ ಇನ್ನೊಂದು ಹಾಕಿ ಎಂದು ಬೇಡಿಕೊಂಡಳು. ಮದರಾಸಿಗೆ ಹೋದ ಕಾಗದ ತಿರುಗಿ ಬರುವವರೆಗೆ ಹಾಗೆ ಮಾಡುವಂತಿಲ್ಲ ಎಂದು ಚನ್ನಬಸವಯ್ಯ ಬೇಸರದಿಂದ ಹೇಳಿದರು. ತಮ್ಮ ಕಡೆಯಿಂದ ಮದರಾಸಿಗೆ ಎರಡು ತಂತಿ ಕೊಟ್ಟರು. ಹಣವೂ ಅಲ್ಲೇ ಸಿಕ್ಕಿಕೊಂಡಿತ್ತು. ಕರಿಬಸವಯ್ಯನ ಮಂಡಿಗೆ ಈಗ ಹೋಗೋಣವೆಂದರೂ ಕೈಯಲ್ಲಿ ಏನೂ ಇರಲಿಲ್ಲ.

ಅಂದು ಅವಳು ವಾಪಸು ಬರುವಾಗ ಲಾಲ್‌ಬಾಗಿನ ಗೋಡೆಗೆ ಒರಗಿ ಕುಳಿತುಬಿಟ್ಟಳು. ನೋಟು ಹರಿದವನನ್ನು ಕಂಡು ಅಸಹ್ಯಪಟ್ಟವಳು ತಾನು. ಕಾತ್ಯಾಯಿನಿಗೆ ಉಗಿದವಳು ತಾನು. ಒಂದು ರೂಪಾಯಿ ಸೇರಿಸಿ ಎಂದವಳೂ ತಾನೇ, ಬೇರೆ ಯಾರೂ ಅಲ್ಲ. ಶುಭವಾಗಲೆಂದು ಸೇರಿಸಿದ ಆ ರೂಪಾಯಿ ತಂಗಿಯ ಎದೆಯ ಮೇಲೆ ಕೂತಿದೆ. ಅವಳಿಗೆ ತನ್ನ ಹೆಬ್ಬೆಟ್ಟನ್ನು ನೋಡಿದರೆ ಹೇಸಿಗೆಯಾಯಿತು. ಅದನ್ನು ಸೀರೆಗೆ ತಿಕ್ಕಿ ತಿಕ್ಕಿ ಒರೆಸಿಕೊಂಡಳು.

ಬದರಿನಾಥರಿಗೆ ವಿಷಯ ತಿಳಿಸಿದಾಗ ಅವರು ತಲೆ ತಗ್ಗಿಸಿ ತಮ್ಮ ಬಲಗೈಯನ್ನೇ ನೋಡಿಕೊಂಡರು. ಬರೆದ ಕೈ ಅವರದು. ಅವಳು ಅವರನ್ನು ಒಂದು ಮಾತೂ ಅನ್ನಲಿಲ್ಲ. ಎಂದಿನಂತೆ ಪಾವಿನ ಮೇಲೆ ಒಂದಿಷ್ಟು ಹಾಲು ಹೆಚ್ಚಿಗೆಯೇ ಸುರಿದಳು. ಅದರಿಂದ ಅವರಿಗೆ ಇನ್ನೂ ಕಷ್ಟವಾಯಿತು. ಕೆಲವು ದಿನ ಹಾಲು ಹಾಕಿಸಿಕೊಳ್ಳಲು ಹೆಂಡತಿಯನ್ನೇ ಕಳಿಸಿದರು.

ಜನವರಿಯ ಮೂರನೇ ವಾರ ಅಪ್ಪಣೆ ಬಂತು. ಐನೂರಾ ಒಂದು ರೂಪಾಯಿ, ಪೂರ್ತಿ ಮಂಜೂರು. ಚನ್ನಬಸವಯ್ಯ ಅಂದೇ ತಂತಿಯ ಮೂಲಕ ಹಣ ಕಳಿಸಿದರು. ಅಂಜನಮ್ಮ ಬನಶಂಕರಿಯ ಗುಡಿಗೆ ನಡೆದು ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿ ಬಂದಳು. ಕೊಟ್ಟಿಗೆಯ ಪಕ್ಕದ ಕೋಣೆಗೆ ಸುಣ್ಣ ಬಳಿದು, ಹೊಸ ಚಾಪೆ ತಂದಿಟ್ಟಳು. ಬಿಲಾತಿಯಲ್ಲಿದ್ದವಳು ಕೆಳಗೆ ಮಲಗುತ್ತಾಳೋ ಇಲ್ಲವೋ ಎಂದು ಅನುಮಾನವಾಗಿ ಹಳೆಯ ಹಗ್ಗದ ಮಂಚವನ್ನೂ ಬಿಗಿಸಿಟ್ಟಳು.

ಫೆಬ್ರವರಿ ಮೊದಲಲ್ಲಿ ನೆರೆಮನೆಯ ಮುದುಕಿಯ ಕಾಗದ ಬಂತು. ಬದರಿನಾಥರು ಅದನ್ನು ಮನಸ್ಸಿನಲ್ಲೇ ಓದಿಕೊಂಡು, ಕನ್ನಡಕ ತೆಗೆದು, ಅದನ್ನೇ ಒರೆಸುತ್ತ ಕೂತರು.

“ಓದಿ ಸಾಮಿ” ಎಂದಳು ಅಂಜನಮ್ಮ.

ಹಣ ಮುಟ್ಟಿದ್ದು ಜನವರಿ ಇಪ್ಪತ್ತೈದಕ್ಕೆ. ಮರಿಯಮ್ಮ ಹೋದದ್ದು ಇಪ್ಪತ್ತೊಂದಕ್ಕೆ. ಅವಳು ಕೂಡಿಟ್ಟ ಹಡಗಿನ ದುಡ್ಡಿನಲ್ಲೇ ಮಣ್ಣು ಮಾಡಿದೆವು, ಹಿಮ ಬೀಳುತ್ತಿತ್ತು, ಅಕ್ಕನ ಹೆಸರು ಹೇಳುತ್ತಿದ್ದಳು ಎಂದು ಬರೆದಿತ್ತು.

ಅಂಜನಮ್ಮ ಅಳಲಿಲ್ಲ. ಬಿಂದಿಗೆ ಎತ್ತಿಕೊಂಡು ಮುಂದಿನ ಮನೆಗೆ ಹೋದಳು. ಆಮೇಲಿನ ದಿನಗಳಲ್ಲಿ ಅವಳು ಯಾರಿಗೂ ಥೂ ಎಂದದ್ದನ್ನು ಜನ ಕೇಳಲಿಲ್ಲ. ಕಾತ್ಯಾಯಿನಿಗೆ ಸುದ್ದಿ ತಿಳಿದು ಗೇಟಿನವರೆಗೆ ಬಂದು ‘ಪಾಪ’ ಎಂದಾಗಲೂ ಸುಮ್ಮನೆ ನಡೆದಳು.

ಏಪ್ರಿಲಿನಲ್ಲಿ ಹಣ ವಾಪಸು ಬಂತು. ಪಡೆಯುವವರು ಇಲ್ಲ ಎಂದು ಬರೆದಿತ್ತಂತೆ. ಹೋಗಿ ಬರುವ ಖರ್ಚಿಗೆ ಒಂದಿಷ್ಟು ಮುರಿದುಕೊಳ್ಳಬೇಕಿತ್ತು. ಅದನ್ನು ಚನ್ನಬಸವಯ್ಯ ತಮ್ಮ ಕಿಸೆಯಿಂದ ತುಂಬಿದ್ದರು, ಅವಳಿಗೆ ಹೇಳಲಿಲ್ಲ. ಈ ಸಲ ಕಾವಲಿನವನು ಅವಳನ್ನು ಮೆಟ್ಟಿಲಲ್ಲಿ ತಡೆಯಲಿಲ್ಲ. ರಾಮಪ್ರಸಾದ ಹತ್ತರ ನೋಟುಗಳನ್ನು ಎರಡೆರಡು ಸಲ ಎಣಿಸಿ, ಅದರ ಮೇಲೆ ಒಂದು ನಿಕ್ಕಲ್ ರೂಪಾಯಿ ಇಟ್ಟು, ಕಿಟಕಿಯಿಂದ ತಳ್ಳಿದ.

ಅಂಜನಮ್ಮ ನೋಟುಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ರೂಪಾಯಿಯನ್ನು ಬೆರಳ ತುದಿಯಿಂದ ಅವನ ಕಡೆಗೆ ಸರಿಸಿದಳು.

“ಇದೂ ನಿಮ್ದೇ, ತಗೊಳ್ಳಿ” ಎಂದ ಅವನು.

“ಬ್ಯಾಡ. ಸಾವಿನ ದುಡ್ಡಿಗೆ ಒಂದು ಸೇರಿಸೋ ಹಂಗಿಲ್ಲ.”

ಅವಳು ಮೆಟ್ಟಿಲಿಳಿದು ಹೋದಳು. ಬ್ಯಾಂಕು ಮುಚ್ಚುವವರೆಗೂ ರಾಮಪ್ರಸಾದ ಆ ರೂಪಾಯಿಯನ್ನು ಮುಟ್ಟಲಿಲ್ಲ.